ಎರಡು ಚೆಂಡಿನ ಪಂದ್ಯ

ಹೊಸ ಫುಟ್‌ಬಾಲನ್ನು ಮೂಗಿಗೆ ಹಿಡಿದು ಮೂಸುವ ಹೆಂಗಸನ್ನು ಆ ಅಂಗಡಿಯ ಸೇಲ್ಸ್‌ಮನ್ ಹಿಂದೆಂದೂ ಕಂಡಿರಲಾರ. ಜುಮೇರಾ ಲೇಕ್ ಟವರ್ಸ್‌ನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಅಂಗಡಿ. ನಾನೋ ಅರವತ್ತರ ಹತ್ತಿರದವಳು, ಏಸಿಯ ಚಳಿಗೆ ಸೀರೆಯ ಮೇಲೊಂದು ಸ್ವೆಟರ್ ಏರಿಸಿಕೊಂಡವಳು. "ಮೊಮ್ಮಗನಿಗಾ ಮೇಡಂ?" ಎಂದು ಹಿಂದಿಯಲ್ಲಿ ವಿನಯದಿಂದ ಕೇಳಿದ. "ಅಲ್ಲಪ್ಪಾ, ಮ್ಯಾಚಿಗೆ" ಎಂದೆ. ಅವನು ಮೆಲ್ಲಗೆ ಪಕ್ಕಕ್ಕೆ ಸರಿದ. ನೀವು ಎಂದಾದರೂ ಮೂಸಿದ್ದೀರೋ ಇಲ್ಲವೋ, ಹೊಸ ಚೆಂಡಿಗೆ ಒಂದು ವಾಸನೆ ಇದೆ. ಅರ್ಧ ರಬ್ಬರಿನದು, ಅರ್ಧ ಹೊಸ ಶಾಲಾಚೀಲದ್ದು. ಅದು ಮೂಗಿಗೆ ಬಿದ್ದರೆ ಸಾಕು, ನಾನು ದುಬೈಯಲ್ಲಿ ಇರುವುದಿಲ್ಲ. ಅಲ್ ಐನ್‌ನ ನಮ್ಮ ಹಳೆಯ ಮನೆಯ ಹಿಂದಿನ ಮರಳು ಬಯಲಿನಲ್ಲಿ, ಕೊರಳಿಗೆ ವಿಸಿಲ್ ಕಟ್ಟಿಕೊಂಡು, ಮಾತು ಬಿಟ್ಟ ಇಬ್ಬರು ಗಂಡಸರ ನಡುವೆ ನಿಂತಿರುತ್ತೇನೆ.

ಆ ಇಬ್ಬರನ್ನು ಮೊದಲು ಪರಿಚಯಿಸಿಬಿಡುತ್ತೇನೆ. ಒಬ್ಬರು ಹಮೀದಾಕ, ಉಚ್ಚಿಲದವರು, ದುಬೈಯ ದೇರಾದಲ್ಲಿ ಸಿದ್ಧ ಉಡುಪಿನ ಅಂಗಡಿ. ಇನ್ನೊಬ್ಬರು ದಿವಾಕರಣ್ಣ, ಕಾಪುವಿನವರು, ಅಬುಧಾಬಿಯ ಅಲ್ ಮೀನಾ ಬಂದರಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಊರಿನಲ್ಲಿ ಇಬ್ಬರ ಮನೆಗಳ ನಡುವೆ ಇರುವುದು ನಾಲ್ಕು ಬಸ್‌ಸ್ಟಾಪು. ಆದರೆ ಅವರು ಒಬ್ಬರನ್ನೊಬ್ಬರು ಮೊದಲು ನೋಡಿದ್ದು ದೇರಾದ ಒಂದು ಬೆಡ್‌ಸ್ಪೇಸ್ ಕೋಣೆಯಲ್ಲಿ. ಗಲ್ಫಿಗೆ ಹೊಸದಾಗಿ ಬಂದವರಿಗೆ ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಮಂಚ ಮಾತ್ರ. ಅಂಥ ಎರಡು ಅಂತಸ್ತಿನ ಒಂದು ಮಂಚದ ಕೆಳಗೆ ಹಮೀದಾಕ, ಮೇಲೆ ದಿವಾಕರಣ್ಣ. ಆಮೇಲೆ ದಿವಾಕರಣ್ಣನಿಗೆ ಅಬುಧಾಬಿಯಲ್ಲಿ ಕೆಲಸವಾಯಿತು, ಮದುವೆಯಾಯಿತು, ಶಶಿಯಕ್ಕ ಬಂದರು. ಇಬ್ಬರ ನಡುವೆ ಹೆದ್ದಾರಿ ಉದ್ದವಾಯಿತೇ ಹೊರತು ಬೇರೇನೂ ಬದಲಾಗಲಿಲ್ಲ.

ನಮ್ಮ ಮನೆ ಈ ಕಥೆಯೊಳಗೆ ಬಂದದ್ದು ಬರೀ ಭೂಗೋಳದ ದೆಸೆಯಿಂದ. ದುಬೈಯಿಂದಲೂ ಅಬುಧಾಬಿಯಿಂದಲೂ ಅಲ್ ಐನ್ ಹೆಚ್ಚುಕಡಿಮೆ ಅಷ್ಟೇ ದೂರ. "ನಾನೇ ಯಾಕೆ ಬರ್ಬೇಕು, ನೀನು ಬಾ" ಎಂಬ ಜಗಳ ಅವರಿಬ್ಬರ ನಡುವೆ ಪ್ರತಿ ರಜೆಗೂ ಇರುತ್ತಿತ್ತು. ನಮ್ಮ ಮನೆಯವರು ದಿವಾಕರಣ್ಣನಿಗೆ ದೂರದ ಸಂಬಂಧಿ. ಬಾಯಿ ತಪ್ಪಿ "ಇಬ್ಬರೂ ಇಲ್ಲಿಗೇ ಬನ್ನಿ" ಎಂದುಬಿಟ್ಟರು. ಗಂಡಸರು ಹೀಗೆ ಆಹ್ವಾನ ಕೊಟ್ಟು ಪೇಪರ್ ಓದಲು ಕೂರುತ್ತಾರೆ, ಅಕ್ಕಿ ನೆನೆಹಾಕುವವರು ಯಾರು ಎಂಬ ಯೋಚನೆ ಅವರಿಗಿರುವುದಿಲ್ಲ. ಇಬ್ಬರೂ ಬಂದರು. ಮರು ವರ್ಷ ಹಮೀದಾಕ ಅಂಗಡಿಯ ಹುಡುಗರನ್ನು ಕರೆತಂದರು, ದಿವಾಕರಣ್ಣ ಗೋದಾಮಿನವರನ್ನು. ಹೀಗೆ ಚಳಿಗಾಲದ ಒಂದು ಶುಕ್ರವಾರ ನಮ್ಮ ಹಿತ್ತಿಲ ಬಯಲಿನಲ್ಲಿ 'ದುಬೈ ಕರಾವಳಿ' ತಂಡಕ್ಕೂ 'ಅಬುಧಾಬಿ ಕರಾವಳಿ' ತಂಡಕ್ಕೂ ಫುಟ್‌ಬಾಲ್ ನಡೆಯುವುದು ರೂಢಿಯಾಯಿತು. ಗೋಲಿಗೆ ಎರಡೆರಡು ರಾಶಿ ಚಪ್ಪಲಿ. ರೆಫ್ರಿ ನಾನು, ಯಾಕೆಂದರೆ ಎರಡೂ ಕಡೆಯವರು ಹೆದರುತ್ತಿದ್ದದ್ದು ನನಗೊಬ್ಬಳಿಗೇ. ಅಲ್ ಐನ್‌ನ ಶಾಲೆಯಲ್ಲಿ ವರ್ಷಗಟ್ಟಲೆ ಸಮಾಜ ಪಾಠ ಮಾಡಿದವಳು, ಗದರುವುದಕ್ಕೆ ವಿಸಿಲ್ ಕೂಡ ಬೇಕಿರಲಿಲ್ಲ.

ಆ ಪಂದ್ಯದ ಹಾಫ್‌ಟೈಮ್ ಲೋಕದಲ್ಲಿ ಇನ್ನೆಲ್ಲೂ ಇದ್ದಿರಲಾರದು. ಆಗ ವಾರದ ರಜೆ ಶುಕ್ರವಾರ. ಮೊದಲ ಅರ್ಧ ಮುಗಿಯುವ ಹೊತ್ತಿಗೆ ಜುಮಾ ನಮಾಜಿನ ಹೊತ್ತು. ಹಮೀದಾಕನೂ ಅವರ ಕಡೆಯ ಬ್ಯಾರಿಗಳೂ ಕೈಕಾಲು ತೊಳೆದು ಮಸೀದಿಗೆ ಹೊರಡುತ್ತಿದ್ದರು. ಉಳಿದವರು ಅಂಗಳದಲ್ಲಿ ಚಾಪೆ ಹಾಸಿ, ದಿವಾಕರಣ್ಣ ಅಲ್ ಮೀನಾ ಬಂದರಿನ ಮಾರುಕಟ್ಟೆಯಿಂದ ಐಸ್‌ಪೆಟ್ಟಿಗೆಯಲ್ಲಿ ತಂದ ಅಂಜಲ್ ಮೀನು ಹುರಿಯುತ್ತಿದ್ದರು. ನಮಾಜಿನವರು ಬಂದ ಮೇಲೆ ಎಲ್ಲರಿಗೂ ಊಟ. ಎರಡನೇ ಅರ್ಧ ಶುರುವಾಗುವುದು ಹೊಟ್ಟೆ ತುಂಬಿದ ಮೇಲೆ. ಅದನ್ನು ಫುಟ್‌ಬಾಲ್ ಅಂತ ಕರೆಯುವುದು ಆಟಕ್ಕೆ ಅವಮಾನ, ನಾನೇ ಒಪ್ಪುತ್ತೇನೆ.

ಆ ಹೊತ್ತಿನ ಮನರಂಜನೆ ನನ್ನದು. ಶಾಲೆಯಲ್ಲಿ ಕ್ವಿಜ್ ಸ್ಪರ್ಧೆಗಾಗಿ ನಾನು ಒಮ್ಮೆ ಫುಟ್‌ಬಾಲಿನ ಹಳೆಯ ಚರಿತ್ರೆ ಓದಿಕೊಂಡಿದ್ದೆ. ಓದಿದ್ದು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನಮ್ಮವರು "ಶುರುವಾಯ್ತು ಪೀರಿಯಡ್" ಎಂದು ಒಳಗೆ ಹೋಗುತ್ತಿದ್ದರು. ಆದರೆ ಈ ಇಬ್ಬರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ವಿಶ್ವಕಪ್ ಹುಟ್ಟುವುದಕ್ಕೆ ಎಷ್ಟೋ ಮೊದಲು ಬ್ರಿಟನ್ನಿನ ನಾಲ್ಕು ನೆರೆಕರೆಯವರು ತಮ್ಮತಮ್ಮೊಳಗೆ ವರ್ಷವರ್ಷ ಆಡಿಕೊಳ್ಳುತ್ತಿದ್ದರು. ದೇಶದೇಶಗಳ ಪಂದ್ಯಾವಳಿ ಅಂತ ಶುರುವಾದದ್ದೇ ಅಲ್ಲಿ ಎಂದೆ ಒಂದು ಸಲ. "ಅಂದ್ರೆ ನಮ್ಮ ಹಾಗೆಯೇ" ಎಂದರು ಹಮೀದಾಕ ತುಂಬ ಗಂಭೀರವಾಗಿ. "ಕಾಪುವಿಗೂ ಉಚ್ಚಿಲಕ್ಕೂ."

ಮೊದಲ ವಿಶ್ವಕಪ್ಪಿನ ಕಥೆಯಂತೂ ಅವರಿಗೆ ಎಷ್ಟು ಸಲ ಹೇಳಿದರೂ ಸಾಲದು. ಅದು ನಡೆದದ್ದು 1930ರಲ್ಲಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ. ಅಷ್ಟು ದೂರ ಸಮುದ್ರ ದಾಟಬೇಕಲ್ಲ ಎಂದು ಯುರೋಪಿನ ಹೆಚ್ಚಿನ ದೇಶಗಳು ಹೋಗಲೇ ಇಲ್ಲ. ಹೋದ ನಾಲ್ಕರಲ್ಲಿ ಮೂರು ತಂಡಗಳು ಒಂದೇ ಹಡಗಿನಲ್ಲಿ ಹೋದವು. ಗೆದ್ದವರಿಗೆ ಕೊಡಬೇಕಾದ ಕಪ್ಪೂ ಅದೇ ಹಡಗಿನಲ್ಲಿ. ಮುಂದೆ ಎದುರಾಳಿಗಳಾಗಬೇಕಾದವರು ದಾರಿಯುದ್ದಕ್ಕೂ ಹಡಗಿನ ಮೇಲೆ ಒಟ್ಟಿಗೆ ಕಸರತ್ತು ಮಾಡುತ್ತ ಹೋದರು. ಈಜಿಪ್ಟಿನವರೂ ಹೊರಟಿದ್ದರಂತೆ, ಬಿರುಗಾಳಿಗೆ ಸಿಕ್ಕಿ ತಡವಾಗಿ ಹಡಗು ತಪ್ಪಿಸಿಕೊಂಡರು ಎನ್ನುತ್ತಾರೆ. ಇಲ್ಲಿಗೆ ಬಂದಾಗ ದಿವಾಕರಣ್ಣ ಪ್ರತಿ ಸಲವೂ "ಛೆ, ಛೆ, ಪಾಪ" ಎಂದು ತಲೆ ಕೊಡವುತ್ತಿದ್ದರು, ಈಜಿಪ್ಟಿನವರು ಹಿಂದಿನ ವಾರವಷ್ಟೇ ಏರ್‌ಪೋರ್ಟಿನಿಂದ ವಾಪಸು ಬಂದಿದ್ದಾರೇನೋ ಎಂಬಂತೆ.

ಆದರೆ ಅವರಿಬ್ಬರಿಗೂ ಹೆಚ್ಚು ಇಷ್ಟವಾದದ್ದು ರುಮೇನಿಯಾದ ರಾಜ. ಆ ತಂಡದ ಕೆಲವು ಆಟಗಾರರು ಎಣ್ಣೆ ಕಂಪನಿಯ ನೌಕರರು. ಕಂಪನಿ ರಜೆ ಕೊಡಲಿಲ್ಲ. ರಾಜ ಸ್ವತಃ ಹೇಳಿ ಅವರಿಗೆ ರಜೆ ಕೊಡಿಸಿದನಂತೆ, ವಾಪಸು ಬಂದಾಗ ಕೆಲಸ ಹೋಗಬಾರದು ಅಂತಲೂ ಕಟ್ಟಪ್ಪಣೆ ಮಾಡಿದನಂತೆ.

"ಅಂಥ ಒಬ್ಬ ಕಫೀಲ್ ನಮಗೆ ಸಿಗ್ಬೇಕಿತ್ತು ಮಾರಾಯ" ಎಂದರು ದಿವಾಕರಣ್ಣ. ವೀಸಾ ಕೊಡಿಸಿ ನೌಕರರ ಹೊಣೆ ಹೊರುವ ಧಣಿಗೆ ಇಲ್ಲಿ ಹೇಳುವ ಹೆಸರು ಅದು. "ನನ್ನವ ತಂಗಿ ಮದುವೆಗೇ ರಜೆ ಕೊಡ್ಲಿಲ್ಲ."

"ಮದುವೆಗೆ ಕೊಡ್ಲಿಕ್ಕಿಲ್ಲ" ಎಂದರು ಹಮೀದಾಕ. "ಫುಟ್‌ಬಾಲ್ ಅಂತ ಕೇಳ್ಬೇಕಿತ್ತು ನೀನು."

ಅವರು ತಮ್ಮತಮ್ಮೊಳಗೆ ಆಡುತ್ತಿದ್ದದ್ದು ಅರ್ಧ ತುಳು, ಅರ್ಧ ಬ್ಯಾರಿ ಭಾಷೆ. ನಾನಿಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಬೈಗುಳಗಳನ್ನು ಸೋಸಿ.

ಇನ್ನು ಅವರಿಬ್ಬರೂ ಮಾತು ಬಿಟ್ಟ ಆ ವರ್ಷಕ್ಕೆ ಬರುತ್ತೇನೆ. ಚಳಿ ಶುರುವಾಗುವ ಹೊತ್ತಿಗೆ ನಮ್ಮವರು ಯಾವುದೋ ಮದುವೆ ಊಟದಲ್ಲಿ ಹಮೀದಾಕನ ಪಕ್ಕ ಕೂತು, "ದಿವಾಕರಣ್ಣ ಹೋದ ಮೇಲೆ ನಮ್ಮ ಮ್ಯಾಚಿನ ಗತಿ ಎಂತದು?" ಎಂದು ಕೇಳಿದರಂತೆ. "ಎಲ್ಲಿಗೆ ಹೋಗುದು?" ಎಂದರು ಹಮೀದಾಕ. ಬಾಯಿ ಬಿಟ್ಟ ಮೇಲೆ ನಮ್ಮವರು ಎಲ್ಲ ಹೇಳಲೇಬೇಕಾಯಿತು. ದಿವಾಕರಣ್ಣ ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿ, ಶಶಿಯಕ್ಕನ ಜೊತೆ ಕಾಯಮ್ಮಾಗಿ ಊರಿಗೆ ಹೊರಟಿದ್ದರು. ನಮಗೆ ಹೇಳಿದ್ದರು. ಗೋದಾಮಿನವರಿಗೆ ಗೊತ್ತಿತ್ತು. ಕೆಳಗಿನ ಮಂಚದವನಿಗೆ ಮಾತ್ರ ಹೇಳಿರಲಿಲ್ಲ.

ಹಮೀದಾಕ ಐಸ್‌ಕ್ರೀಂ ತಿಂದು ಎದ್ದುಹೋದರಂತೆ. ಅಂದಿನಿಂದ ದಿವಾಕರಣ್ಣನ ಫೋನ್ ಎತ್ತಲಿಲ್ಲ. ದಿವಾಕರಣ್ಣನಿಗೂ ಸಿಟ್ಟು ಬಂತು: "ಮಾಡ್ಲಿಕ್ಕೆ ನಂಗೂ ಬೇರೆ ಕೆಲಸ ಉಂಟು." ಶಶಿಯಕ್ಕ ನನಗೆ ಫೋನ್ ಮಾಡಿ ಅತ್ತರು. "ಹೀಗೆಯೇ ವಿಮಾನ ಹತ್ತಿದ್ರೆ ಇವ್ರು ಊರಲ್ಲಿ ನೆಮ್ಮದಿಯಲ್ಲಿ ಇರ್ತಾರಾ? ನೀವು ಎಂತಾದ್ರೂ ಮಾಡಿ ಟೀಚರ್." ಪಂದ್ಯ ಇದ್ದದ್ದು ಮುಂದಿನ ಶುಕ್ರವಾರ, ವಿಮಾನ ಅದರ ಮರುವಾರ. ಈ ಒಂದು ದಿನ ಬಿಟ್ಟರೆ ಇಬ್ಬರೂ ಎದುರುಬದುರಾಗಲು ಇನ್ನೊಂದು ದಿನ ಇರಲಿಲ್ಲ. ನನಗೆ ಮೀನಿನ ಮಸಾಲೆ ಅರೆಯುವಾಗಲೂ ಅದೇ ಚಿಂತೆ.

ಇಬ್ಬರೂ ಬಂದರು, ಅದೇ ದೊಡ್ಡದು. ಬಂದವರು ಬಯಲಿನ ಎರಡು ತುದಿಯಲ್ಲಿ ನಿಂತು ನನ್ನ ಮೂಲಕ ಮಾತಾಡತೊಡಗಿದರು. ಹಮೀದಾಕ ಹೊಚ್ಚ ಹೊಸ ಚೆಂಡು ತಂದಿದ್ದರು, ಹಗುರದ್ದು, ಮಿಂಚುವಂಥದ್ದು. ದಿವಾಕರಣ್ಣ ತಂದದ್ದೂ ಹೊಸದೇ, ಆದರೆ ಅದು ಭಾರ.

"ಟೀಚರಕ್ಕ, ಆ ಕಲ್ಲನ್ನು ಒದ್ದರೆ ಕಾಲು ಮುರೀತದೆ ಅಂತ ಅವರಿಗೆ ಹೇಳಿ" ಎಂದರು ಹಮೀದಾಕ. ದೇರಾದ ಮಂಚದ ಕಾಲದಿಂದ 'ನೀನು' ಎಂದೇ ಕರೆದವನನ್ನು 'ಅವರು' ಎಂದುಬಿಟ್ಟರು.

"ಬಲೂನ್ ಒದೀಲಿಕ್ಕೆ ನಾವು ಬರ್ತ್‌ಡೇ ಪಾರ್ಟಿಗೆ ಬಂದದ್ದಲ್ಲ ಅಂತ ಆ ಸಾಹುಕಾರರಿಗೆ ಹೇಳಿ ಟೀಚರೇ" ಎಂದರು ದಿವಾಕರಣ್ಣ.

ನಮ್ಮ ಮಗ ನಡುವೆ ಬಂದು, "ಅಂಕಲ್, ಇಟ್ಸ್ ಜಸ್ಟ್ ಅ ಬಾಲ್" ಎಂದ. ಇಬ್ಬರೂ ಅವನನ್ನು ನೋಡಿದ ನೋಟಕ್ಕೆ ಅವನು ಸೀದಾ ಒಳಗೆ ಹೋದ. ಹಮೀದಾಕ ಕೀಲಿಕೈ ತೆಗೆದು, "ಖಲಾಸ್, ನಾನು ಹೊರಟೆ. ಆಡುವವರು ಆಡಲಿ" ಎಂದರು. ಎರಡೂ ತಂಡದವರು ನನ್ನ ಮುಖ ನೋಡಿದರು. ಹಮೀದಾಕನ ಕಾರು ಗೇಟು ದಾಟಿದರೆ ಎಲ್ಲ ಮುಗಿಯಿತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ನನಗೆ 1930ರ ಆ ಫೈನಲ್ ನೆನಪಾಯಿತು ನೋಡಿ. ನಾನು ವಿಸಿಲ್ ಊದಿದೆ. "ಇಬ್ಬರೂ ಬನ್ನಿ ಇಲ್ಲಿ. ಮೊದಲ ವಿಶ್ವಕಪ್ಪಿನ ಫೈನಲ್ ಯಾರ್ಯಾರಿಗೆ?"

ಪಾಠ ಒಪ್ಪಿಸುವ ಅಭ್ಯಾಸ ಇಬ್ಬರಿಗೂ ಆಗಿಹೋಗಿತ್ತು. "ಉರುಗ್ವೆ, ಅರ್ಜೆಂಟೀನಾ" ಎಂದರು ಇಬ್ಬರೂ, ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿಕೊಂಡೇ.

"ಅಲ್ಲಿಯೂ ಇದೇ ತಕರಾರು. ನಮ್ಮ ಚೆಂಡೇ ಬೇಕು ಅಂತ ಅವರು, ನಮ್ಮದೇ ಬೇಕು ಅಂತ ಇವರು. ನೆರೆಕರೆಯವರೇ, ನಡುವೆ ಒಂದು ಹೊಳೆ ಅಷ್ಟೇ. ಕಡೆಗೆ ಏನು ಮಾಡಿದರು ಗೊತ್ತುಂಟಾ? ಮೊದಲ ಅರ್ಧ ಅರ್ಜೆಂಟೀನಾದ ಚೆಂಡು, ಎರಡನೇ ಅರ್ಧ ಉರುಗ್ವೆಯದ್ದು. ವಿಶ್ವಕಪ್ ಫೈನಲ್ಲೇ ಎರಡು ಚೆಂಡಿನಲ್ಲಿ ಮುಗೀತು. ನಿಮ್ಮದೇನು ಅದಕ್ಕಿಂತ ದೊಡ್ಡ ಮ್ಯಾಚಾ?"

ಹಮೀದಾಕನ ಬೆರಳಿನಲ್ಲಿ ಕೀಲಿಕೈ ಎರಡು ಸುತ್ತು ತಿರುಗಿತು. ಆಮೇಲೆ ಹಮೀದಾಕ ಕೇಳಿದರು, "ಗೆದ್ದದ್ದು ಯಾರ ಚೆಂಡಿನಲ್ಲಿ?"

"ಮೊದಲ ಅರ್ಧದಲ್ಲಿ ಅರ್ಜೆಂಟೀನಾ ಮುಂದೆ. ತಮ್ಮ ಚೆಂಡು ಬಂದ ಮೇಲೆ ಉರುಗ್ವೆ ಗೆದ್ದಿತು."

"ಹಾಗಾದ್ರೆ ನಮ್ಮ ಚೆಂಡು ಎರಡನೇ ಅರ್ಧಕ್ಕೆ" ಎಂದು ಹಮೀದಾಕ ಕೀಲಿಕೈ ಕಿಸೆಗೆ ಹಾಕಿದರು. ಚರಿತ್ರೆ ಓದಿದ್ದು ಜೀವನದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಬಂದದ್ದು ಆವತ್ತೊಂದೇ ದಿನ.

ಮೊದಲ ಅರ್ಧ ಭಾರದ ಚೆಂಡಿನಲ್ಲಿ ನಡೆಯಿತು. ಅಬುಧಾಬಿಯವರು ಎರಡು ಗೋಲು ಹಾಕಿದರು, ದುಬೈಯವರು ಒಂದು. ದಿವಾಕರಣ್ಣ ಮರಳಲ್ಲಿ ಬರಿಗಾಲಲ್ಲೇ ಆಡುವವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ದೇಶದವರೂ ಬಹುಮಂದಿ ಬರಿಗಾಲಲ್ಲಿ ಆಡಿದ್ದರು ಎಂದು ನಾನು ಹೇಳಿದ ದಿನದಿಂದ ಅವರು ಶೂಗಳನ್ನು ಶಾಶ್ವತವಾಗಿ ಬಿಟ್ಟಿದ್ದರು. 1950ರ ವಿಶ್ವಕಪ್ಪಿಗೆ ನಾವು ಹೋಗದೇ ಉಳಿದದ್ದು ಬರಿಗಾಲಿನ ಕಾರಣಕ್ಕೆ ಎಂದು ಕೆಲವರು, ಅದೆಲ್ಲ ಕಟ್ಟುಕಥೆ, ನಮಗೆ ಅದರ ಬೆಲೆ ಗೊತ್ತಿರಲಿಲ್ಲ ಎಂದು ಇನ್ನು ಕೆಲವರು. ಹಮೀದಾಕನದು ಎರಡನೆಯ ಪಕ್ಷ. ಬೇರೆ ವರ್ಷಗಳಲ್ಲಿ ಅದರ ಮೇಲೆ ಗಂಟೆಗಟ್ಟಲೆ ವಾದವಾಗುತ್ತಿತ್ತು. ಆವತ್ತು ಇಬ್ಬರೂ ಒಬ್ಬರ ಕಾಲಿಗೊಬ್ಬರು ತಾಗದಂತೆ ಜಾಗ್ರತೆಯಿಂದ ಆಡಿದರು. ಅದು ನನಗೆ ಜಗಳಕ್ಕಿಂತ ಕಷ್ಟವಾಯಿತು.

ಹಾಫ್‌ಟೈಮಿಗೆ ಹಮೀದಾಕ ತಮ್ಮ ಚೆಂಡನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಸೀದಿಗೆ ಹೋದರು. ನಮಾಜು ಮುಗಿದು ಉಳಿದವರೆಲ್ಲ ಬಂದರು, ಇವರ ಪತ್ತೆಯಿಲ್ಲ. ದುಬೈಗೆ ಹೋಗಿಬಿಟ್ಟರೋ ಎಂದು ಎಲ್ಲರಿಗೂ ಅನುಮಾನ. ಹಸಿದವರನ್ನು ಎಷ್ಟು ಹೊತ್ತು ಕಾಯಿಸುವುದು? ಬಡಿಸಿದೆ. ಎಲ್ಲರೂ ಉಂಡರು. ದಿವಾಕರಣ್ಣ ಮಾತ್ರ ಚಾಪೆಯ ತುದಿಯಲ್ಲಿ, ಎದುರಿನ ತಟ್ಟೆಗೆ ಇನ್ನೊಂದು ತಟ್ಟೆ ಬೋರಲು ಹಾಕಿ ಕೂತಿದ್ದರು. ದೇರಾದ ಕೋಣೆಯಲ್ಲಿ ಶುಕ್ರವಾರದ ಅಡುಗೆ ಇವರದ್ದಂತೆ. ಹಮೀದಾಕ ಜುಮಾದಿಂದ ಬರದೆ ಇವರು ಅನ್ನದ ಪಾತ್ರೆ ಮುಟ್ಟುತ್ತಿರಲಿಲ್ಲವಂತೆ. ಅದನ್ನು ಅವರಿಬ್ಬರೂ ಎಂದೂ ಹೇಳಿದ್ದಲ್ಲ, ನನಗೆ ಆವತ್ತು ಶಶಿಯಕ್ಕ ಹೇಳಿ ಗೊತ್ತಾದದ್ದು.

ಕೊನೆಗೆ ಕಾರು ಬಂತು. ಹಮೀದಾಕ ತಲೆಯ ಟೊಪ್ಪಿ ತೆಗೆಯದೆಯೇ ಇಳಿದರು. ಕಣ್ಣು ಕೆಂಪಾಗಿತ್ತು. ಮಸೀದಿಯಲ್ಲೇ ಒಂದು ಮೂಲೆಯಲ್ಲಿ ಕೂತಿದ್ದರಂತೆ. "ಎಲ್ಲರ ಊಟ ಆಯ್ತಾ ಟೀಚರಕ್ಕ?" ಎಂದು ನನ್ನನ್ನು ಕೇಳುತ್ತ ಬಂದವರು ಆ ಬೋರಲು ತಟ್ಟೆ ನೋಡಿ ಅಲ್ಲೇ ನಿಂತರು.

"ನೀನು ಉಣ್ಲಿಲ್ವಾ ಮಾರಾಯ?"

"ನೀನು ಬರ್ಲಿಲ್ಲ ಅಲ್ವಾ" ಎಂದರು ದಿವಾಕರಣ್ಣ, ತಲೆ ಎತ್ತದೆ.

ಹಮೀದಾಕ ಚಾಪೆಯ ಮೇಲೆ ಕುಸಿದು ಕೂತರು. "ಊರಿಗೆ ಹೋಗುದು ತಪ್ಪು ಅಂತ ಹೇಳ್ಲಿಲ್ಲ ನಾನು. ಆದ್ರೆ ಮದುವೆ ಮನೆಯಲ್ಲಿ, ಬೇರೆಯವರ ಬಾಯಲ್ಲಿ ಕೇಳ್ಬೇಕಾ ನಾನು? ನಂಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಹೇಳಿದ್ರೆ ನೀನು ಹೋಗ್ಬೇಡ ಅಂತಿದ್ದಿ."

"ಅಂತಿದ್ದೆ. ಮತ್ತೆ ಬಾಯಿ ಮುಚ್ಚಿ ಕೂರ್ತಿದ್ನಾ?"

"ನೀನು ಹೋಗ್ಬೇಡ ಅಂದ್ರೆ ನಾನು ಹೋಗ್ತಿರ್ಲಿಲ್ಲ" ಎಂದರು ದಿವಾಕರಣ್ಣ. "ಅದಕ್ಕೇ ಹೇಳ್ಲಿಲ್ಲ. ಹೆದರಿಕೆ ನಂಗೆ."

ನಾನು ಅನ್ನದ ಪಾತ್ರೆ ಹಿಡಿದುಕೊಂಡು ನಿಂತವಳು ನಿಂತೇ ಇದ್ದೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹಮೀದಾಕ ಮೂಗೊರೆಸಿಕೊಂಡು, "ಬಡಿಸಿ ಟೀಚರಕ್ಕ, ಈ ಬೋಳೀಮಗನಿಗೆ ಮೀನಿನ ನಡು ತುಂಡು ಹಾಕಿ" ಎಂದರು. ಈ ಒಂದು ಬೈಗುಳವನ್ನು ಸೋಸಲು ನನಗೆ ಮನಸ್ಸು ಬಾರದು.

ಎರಡನೇ ಅರ್ಧ ಹೇಗೆ ನಡೆಯಿತು ಅಂತೀರಿ? ಯಾರಿಗೂ ಸರಿಯಾಗಿ ನೆನಪಿಲ್ಲ. ಹಮೀದಾಕನೂ ದಿವಾಕರಣ್ಣನೂ ಬಯಲಿನ ನಡುವೆ ನಿಂತು, ಊರಿನ ಬಾವಿಗೆ ಯಾವ ಪಂಪು ಒಳ್ಳೆಯದು, ಗೇರು ತೋಟಕ್ಕೆ ಬೇಲಿ ಯಾವುದು ಎಂದು ಮಾತಾಡುತ್ತಲೇ ಇದ್ದರು. ಚೆಂಡು ಹತ್ತಿರ ಬಂದರೆ "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಿಸಿ ಉಳಿದವರ ಕಡೆಗೆ ತಳ್ಳುತ್ತಿದ್ದರು. ನಾನು ಅರ್ಧ ಹೊತ್ತು ಪಾತ್ರೆ ತೊಳೆಯುತ್ತ ಅಡುಗೆಮನೆಯ ಕಿಟಕಿಯಿಂದಲೇ ವಿಸಿಲ್ ಊದಿದೆ. ದುಬೈಯವರು ಸಮ ಮಾಡಿದರು ಎಂದು ದುಬೈಯವರ ವಾದ. ಸಂಜೆ ಹೊರಡುವಾಗ ಹಮೀದಾಕ ಚೀಲ ಇಡಲು ಡಿಕ್ಕಿ ತೆರೆದರು. ಒಳಗೆ ಅವರ ಹೊಸ ಚೆಂಡು, ಒಂದು ಕಣ ಮರಳು ಕೂಡ ತಾಗದೆ ಕೂತಿತ್ತು. ಇಡೀ ಪಂದ್ಯ ಆ 'ಕಲ್ಲಿನಲ್ಲೇ' ನಡೆದುಹೋಗಿತ್ತು. ಎರಡು ತಂಡಗಳಿಗೂ, ರೆಫ್ರಿಗೂ, ಚೆಂಡಿನ ಧಣಿಗೂ ಗೊತ್ತಾಗಿರಲಿಲ್ಲ. ನಾವು ನಕ್ಕ ನಗುವಿಗೆ ಪಕ್ಕದ ಮನೆಯ ಅರಬ್ಬಿ ಅಜ್ಜ ಗೋಡೆಯಾಚೆಯಿಂದ ಇಣುಕಿ ಸಲಾಂ ಹೇಳಿದರು.

ಮರುವಾರ ಏರ್‌ಪೋರ್ಟಿಗೆ ದಿವಾಕರಣ್ಣನನ್ನು ಬಿಟ್ಟದ್ದು ಹಮೀದಾಕನೇ. ಆಮೇಲೆ ವಾರದ ರಜೆ ಬದಲಾಯಿತು. ನಮ್ಮವರ ಕಂಪನಿಯ ಕಚೇರಿ ಇಲ್ಲಿಗೆ, ದುಬೈಗೆ ಬಂತು, ನಾನು ಶಾಲೆ ಬಿಟ್ಟು ಇವರ ಹಿಂದೆ ಬಂದೆ. ಪಂದ್ಯ ಈಗಲೂ ನಡೆಯುತ್ತದೆ, ಶನಿವಾರ, ಬಾಡಿಗೆಯ ಹುಲ್ಲುಮೈದಾನದಲ್ಲಿ. ಆಡುವವರು ಮಕ್ಕಳ ವಯಸ್ಸಿನವರು. ಹಮೀದಾಕನಿಗೆ ಮೊಣಕಾಲು ನೋವು, ಬರೀ ಬೊಬ್ಬೆ ಹಾಕಲು ಬರುತ್ತಾರೆ. ಈ ಸಲ ಚೆಂಡು ತರುವ ಜವಾಬ್ದಾರಿ ನನಗೆ ಬಿತ್ತು ಅಷ್ಟೇ.

ಚೆಂಡು ಬಿಲ್ ಮಾಡಿಸಿ ಅಂಗಡಿಯಿಂದ ಹೊರಗೆ ಬಂದೆನೋ ಇಲ್ಲವೋ, ಹಮೀದಾಕನ ಫೋನ್ ಬಂತು.

"ಟೀಚರಕ್ಕ, ಒಂದು ವಿಷಯ. ಅಂಗಡಿ ಮಗನಿಗೆ ಬಿಟ್ಟೆ. ನಾನೂ ಊರಿಗೆ ಹೊರಟೆ, ಕಾಯಮ್ಮಾಗಿ."

ನನ್ನ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ದಿವಾಕರಣ್ಣನಿಗೆ ಹೇಳಿದ್ರಾ?"

"ಅವನಿಗೇ ಮೊದಲು ಹೇಳಿದ್ದು. ಮನೆಯಲ್ಲಿ ಇವಳಿಗೂ ಆಮೇಲೆ ಹೇಳಿ ಬೈಸಿಕೊಂಡೆ."

"ಏನಂದ್ರು ಅವರು?"

"ಎಂತ ಇಲ್ಲ ಮಾರಾಯ್ರೆ. ಹ್ಞಾ ಅಂದ, ಫೋನ್ ಇಟ್ಟ. ನಂಗೆ ಬೇಜಾರಾಯ್ತು, ಇವನಿಗೆ ಖುಷಿಯೇ ಇಲ್ವಾ ಅಂತ. ಸ್ವಲ್ಪ ಹೊತ್ತು ಬಿಟ್ಟು ಶಶಿಕಲಾ ಫೋನ್ ಮಾಡಿದ್ಳು. 'ಇವ್ರ ಹತ್ರ ಎಂತ ಹೇಳಿದ್ರಿ ಹಮೀದಾಕ? ಈ ಬಿಸಿಲಲ್ಲಿ ಹಾರೆ ಹಿಡ್ಕೊಂಡು ಅಂಗಳದಲ್ಲಿ ಹೊಂಡ ತೋಡ್ತಿದ್ದಾರೆ. ಗೋಲ್ ಕಂಬಕ್ಕಂತೆ' ಅಂತ."

ಹಮೀದಾಕ ನಗುತ್ತಿದ್ದರೋ ಅಳುತ್ತಿದ್ದರೋ ಫೋನಿನಲ್ಲಿ ತಿಳಿಯಲಿಲ್ಲ. ನನ್ನದೂ ಅದೇ ಗತಿ, ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಊರಿನ ಮಾತು ಬಂದಾಗಲೆಲ್ಲ "ಅಲ್ಲಿ ನಮಗೆ ಯಾರಿದ್ದಾರೆ" ಎಂದು ನಮ್ಮವರ ಬಾಯಿ ಮುಚ್ಚಿಸುವವಳು ನಾನು. ಆವತ್ತು ಮನೆಗೆ ಹೋಗಿ, ಪೇಪರ್ ಓದುತ್ತಿದ್ದವರ ಎದುರು ಕೂತು, "ಕಾಪುವಿನ ಕಡೆ ಒಂದು ಸಣ್ಣ ಮನೆ ಸಿಗ್ತದಾ ವಿಚಾರಿಸಿ. ಅಲ್ಲೊಬ್ಬರು ರೆಫ್ರಿ ಬೇಕಂತೆ" ಎಂದೆ.